ಅಂಟಿನ ಕುಡಿಕೆ

ಮಠ ಮುಚ್ಚಿದ ಮೂರನೇ ಚಳಿಗಾಲ
ನನ್ನ ಗಂಡ ಹ್ಯಾಮಂಡ್ ತಂದು ಸುರಿದ
ಒಂದು ಗಾಡಿ ಪುಸ್ತಕ, ತೂಕದ ಲೆಕ್ಕದಲ್ಲಿ.
ಮೀನಿನವನಿಗಷ್ಟು, ಮೇಣದವನಿಗಷ್ಟು,
ಉಳಿದದ್ದು ನಮ್ಮ ಹೊಲಿಗೆಯ ಮೇಜಿಗೆ.
ಹೊಸ ಪುಸ್ತಕದ ಬೆನ್ನಿಗೆ ಹಳೆಯದರ ಚರ್ಮ:
ನಾರ್ವಿಚ್ಚಿನಲ್ಲಿ ರಟ್ಟು ಕಟ್ಟುವವರ ಬದುಕೇ ಹೀಗೆ.

ನನಗೆ ಓದು ಅಷ್ಟಕ್ಕಷ್ಟೆ.
ಅಚ್ಚಿನ ಅಕ್ಷರವಾದರೆ ಬೆರಳಿಟ್ಟು
ಕೂಡಿಸಿ ಕೂಡಿಸಿ ಓದಿಯೇನು.
ಲ್ಯಾಟಿನ್ನು ಗುರುತು ಸಿಗುತ್ತದೆ, ಅರ್ಥವಲ್ಲ, ಮುಖ:
ಪಾದ್ರಿಯ ಹಾಗೆ ಗೆರೆ ತಪ್ಪದೆ ನಿಲ್ಲುತ್ತದೆ.
ಫ್ರೆಂಚೂ ಸಿಗುತ್ತದೆ; ಅಂಚಿನಲ್ಲಿ ಕೂತು
ಇಷ್ಟು ಕೋಳಿ, ಇಷ್ಟು ಗೇಣಿ ಎಂದು ಬರೆದುಕೊಂಡು
ಕಣ್ಣೆತ್ತಿಯೂ ನೋಡದ ಬರಹ.

ಈ ಹಾಳೆ ಮಾತ್ರ ಯಾವುದಕ್ಕೂ ಸೇರದು.
ಮುಳ್ಳಿನಂಥ ಅಕ್ಷರ; ಕೆಲವಕ್ಕೆ ಹೊಟ್ಟೆ, ಕೆಲವಕ್ಕೆ ಕೊಂಬು.
ಕರುವಿನ ಚರ್ಮ, ಕೂದಲ ಬೇರು ಇನ್ನೂ ಚುಕ್ಕೆ ಚುಕ್ಕೆ.
ಕತ್ತರಿ ಎತ್ತಿದೆ. ಅಂಟು ಬೆಚ್ಚಗಾಗಿತ್ತು.
ಸುಮ್ಮನೆ, ಬಾಯಿಗೆ ಬಂದ ಹಾಗೆ
ಒಂದು ಸಾಲು ಗಟ್ಟಿಯಾಗಿ ಒದರಿದೆ:

ಪಿಂಡ್, ಪ್ಯಾಟೆರ್, ಪಿಂಟೆರ್.

ಒಂದೇ ಸದ್ದು ಮೂರು ಸಲ,
ಪುಸ್ತಕದ ಬೆನ್ನಿಗೆ ಸುತ್ತಿಗೆ ಬಡಿದ ಹಾಗೆ.
ಕೆಲಸದ ಹುಡುಗ ಲ್ಯಾಂಬರ್ಟ್ ಬಿದ್ದು ಬಿದ್ದು ನಕ್ಕ.
ಒಲೆಯ ಪಕ್ಕ ಉಣ್ಣೆ ಹಿಂಜುತ್ತಿದ್ದ ಅತ್ತೆ,
ಅಕ್ಷರದ ಹಂಗಿಲ್ಲದವಳು, ತಲೆ ಎತ್ತದೆ ಅಂದಳು:
"ಗಾಳಿ ಇರಬೇಕು ಕಣೇ. ಆಮೇಲೆ ನೀರು. ಆಮೇಲೆ ಚಳಿಗಾಲ.
ಬಾಯಿ ದುಂಡಗೆ ಮಾಡಿ ನೋಡು."

ಮಾಡಿದೆ. ವಿಂಡ್. ವ್ಯಾಟೆರ್. ವಿಂಟೆರ್.
ಈ ಪ ಪ ಅಲ್ಲ, ವೇಷ ಹಾಕಿದ ವ.
ಕಿಟಕಿಯಾಚೆ ವೆನ್ಸಮ್ ಹೊಳೆಯ ಮೇಲೆ
ಅವೇ ಮೂರೂ ಇದ್ದವು.

ಇಷ್ಟು ಕಾಲ ಎಲ್ಲಿದ್ದಿರಿ ಎಂದು ಕೇಳಬೇಕೆನಿಸಿತು.
ಎಲ್ಲೂ ಹೋಗಿರಲಿಲ್ಲ.
ಲ್ಯಾಟಿನ್ನು ಮೇಲೆ ನಿಂತು ಪ್ರಾರ್ಥನೆ ಹೇಳುವಾಗ,
ಫ್ರೆಂಚು ಊಟಕ್ಕೆ ಕೂತು ತೀರ್ಪು ಕೊಡುವಾಗ,
ಅತ್ತೆಯಂಥವರ ಬಾಯಲ್ಲಿ ಅವು
ಕೊಟ್ಟಿಗೆ ಗುಡಿಸುತ್ತಿದ್ದವು, ಮಗು ತೂಗುತ್ತಿದ್ದವು,
ಬೈಯುತ್ತಲೂ ಇದ್ದವು.
ಮುಂದೊಂದು ದಿನ ಯಾವನೋ ಮತ್ತೆ ಬರೆಯತೊಡಗಿದ;
ಈಗ ಅಚ್ಚಾಗಿ, ಪೀಪಾಯಿಯಲ್ಲಿ, ಲಂಡನ್ನಿನಿಂದ
ಮಸಿ ನಾರುತ್ತ ಬರುತ್ತವೆ.

ಉಳಿದ ಸಾಲು ಒಂದೂ ಬಗೆಹರಿಯಲಿಲ್ಲ.
ಯಾರ ಹಡಗೋ, ಯಾರು ಸತ್ತರೋ, ಯಾರು ದಡದಲ್ಲಿ ಕಾದರೋ.
ಮೂರು ಮಾತಿಗೆ ಕಥೆ ಕಟ್ಟಲು ನಾನ್ಯಾರು?
ಹ್ಯಾಮಂಡ್ ಬಂದ. "ಇನ್ನೂ ಕತ್ತರಿಸಿಲ್ಲವಾ?"
ಶನಿವಾರಕ್ಕೆ ಕೊಡಬೇಕು; ಮುಂಗಡ ತಿಂದು ಮುಗಿದಿದೆ.

ಕತ್ತರಿಸಿದೆ. ಸುಳ್ಳೇಕೆ ಹೇಳಲಿ.
ಆದರೆ ಕತ್ತರಿ ಆ ಸಾಲಿನ ಕೆಳಗೆ ಹಾಯಿತು,
ಅಂಟು ಬಳಿದದ್ದು ಬರಹವಿಲ್ಲದ ಬದಿಗೆ.
ಯಾವನೋ ವಕೀಲನ ಪುಸ್ತಕದ ಒಳರಟ್ಟಿನಲ್ಲಿ
ಗಾಳಿ, ನೀರು, ಚಳಿಗಾಲ
ತಲೆಕೆಳಗಾಗಿ ಕೂತವು.

ಭಾರದ ಕಲ್ಲು ಏರಿಸಿ ಕೈ ಒರೆಸಿಕೊಳ್ಳುವಾಗ
ಅತ್ತೆ ಕೇಳಿದಳು:
"ನಾಲ್ಕನೆಯ ಮಾತು ಏನಿತ್ತೇ?"