ಬಳೆ

ಸಸ್ಕಾಚೆವಾನ್ ಬಯಲಿಗೆ ಆಲಿಕಲ್ಲು ಬಿದ್ದ ಒಂಬತ್ತನೇ ದಿನ
ವಿಮೆಯ ಡೆಲ್ಮರ್ ಬಂದ, ಕೈಯಲ್ಲಿ ತಂತಿಯ ಬಳೆ.
ನೋಡದೆ, ಹೆಗಲ ಮೇಲಿಂದ ಬಾರ್ಲಿಯೊಳಕ್ಕೆ ಎಸೆಯುವುದು,
ಬಿದ್ದಲ್ಲಿ ಮಂಡಿಯೂರಿ ದಂಟು ಎಣಿಸುವುದು:
ಮುರಿದದ್ದೆಷ್ಟು, ನಿಂತದ್ದೆಷ್ಟು.

ಅಗೋ, ಆ ತಗ್ಗಿನಲ್ಲಿ ಬೀಳಲಿ,
ಅಲ್ಲಿ ಒಂದೂ ಉಳಿದಿಲ್ಲ
ಎಂದುಕೊಂಡಳು ಒರಿಸ್ಯಾ,
ಮೇ ತಿಂಗಳಿಂದ ಒಂದೊಂದು ಮೊಳಕೆಗೂ
ಬದುಕು, ಬದುಕು ಎಂದವಳು.

ಬಳೆ ಬಿದ್ದದ್ದು ಬೇಲಿಯ ಪಕ್ಕ.
ನಲವತ್ತೊಂದು ದಂಟು, ನೆಟ್ಟಗೆ.
ತೆನೆಯ ಮೀಸೆ ಕೂಡ ಕೊಂಕಿಲ್ಲ.

"ಪುಣ್ಯ," ಎಂದ ಡೆಲ್ಮರ್, ಬರೆದುಕೊಳ್ಳುತ್ತ.
ಅವಳು ತಲೆಯಾಡಿಸಿದಳು.

ಅವನ ಗಾಡಿಯ ಧೂಳು ಅಡಗಿದ ಮೇಲೆ
ಮತ್ತೆ ಅಲ್ಲಿಗೇ ಹೋಗಿ
ಆ ನಲವತ್ತೊಂದರ ಮುಂದೆ
ಏನು ಹೇಳಬೇಕೋ ತಿಳಿಯದೆ
ಟೋಪಿ ತೆಗೆದಳು,
ಮತ್ತೆ ಹಾಕಿಕೊಂಡಳು.