ಎಳೆ ಎಣಿಸುವ ಗಾಜು

ಕೊವಿಲ್ಯಾದ ಉಣ್ಣೆ ಗಿರಣಿ ಬಾಗಿಲು ಹಾಕಿದ ದಿನ
ಒಬ್ಬೊಬ್ಬರು ಒಂದೊಂದು ಹೊತ್ತು ನಡೆದರು.
ನನ್ನ ಜೇಬಿನಲ್ಲಿ ಬಂದದ್ದು ಈ ಮಡಚುವ ಭೂತಗನ್ನಡಿ:
ಹಿತ್ತಾಳೆಯದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು,
ಅಡಿಯಲ್ಲಿ ಒಂದು ಸೆಂಟಿಮೀಟರಿನ ಚೌಕ ಕಿಟಕಿ.
ಇಪ್ಪತ್ತಾರು ವರ್ಷ ಆ ಕಿಟಕಿಗೆ ಕಣ್ಣಿಟ್ಟು
ಹಾಸು ಎಣಿಸಿದೆ, ಹೊಕ್ಕು ಎಣಿಸಿದೆ,
ಎಳೆ ತಪ್ಪಿದಲ್ಲಿ ಸೀಮೆಸುಣ್ಣದ ಗೀಟು.

ಈಗ ಅಡುಗೆಮನೆಯ ಸ್ಟೂಲಿನ ಮೇಲೆ ನಾನೇ ಬಟ್ಟೆ.

ಡಾಕ್ಟರು ಕುರ್ಚಿಯಿಂದ ಏಳಲೂ ಇಲ್ಲ,
‘ವಯಸ್ಸು, ಸೆನ್ಯೋರಾ’ ಅಂದರು.
ವಯಸ್ಸಾದರೆ ಆಗಲಿ, ಲೆಕ್ಕ ಬೇಡವೆ?

‘ಹಾಗಲ್ಲ ಫಿರ್ಮಿನೊ, ಬೈತಲೆಯ ಮೇಲೆ ನೆಟ್ಟಗಿಡು.
ಉಸಿರು ಬಿಡಬೇಡ, ಗಾಜು ಮಂಜಾಗುತ್ತೆ.’
ಬೆಟ್ಟದ ತಿರುವುಗಳಲ್ಲಿ ಬಸ್ಸು ಓಡಿಸಿದ ಕೈ,
ಗೇರು ಹಿಡಿದ ಹಾಗೇ ಹಿಡಿದಿದ್ದಾನೆ.
ಮೂವತ್ತೆಂಟು, ಮೂವತ್ತೊಂಬತ್ತು... ತಪ್ಪಿತು. ಮತ್ತೆ ಒಂದರಿಂದ.
(ಅವನದನ್ನು ಎಣಿಸಲು ಗಾಜು ಬೇಡ, ಬೆರಳು ಸಾಕು.)

‘ಒಂದೇ ಗುಣಿಯಲ್ಲಿ ಎರಡು ಹುಟ್ಟಿದ್ದರೆ?’
ಎರಡೆಂದೇ ಬರಿ.
‘ತೀರ ಸಣ್ಣದಿದ್ದರೆ? ಬಣ್ಣವೇ ಇಲ್ಲದಿದ್ದರೆ?’
ಗಿರಣಿಯಲ್ಲಾದರೆ ಆ ಥಾನು ವಾಪಸ್ಸು.
ಸ್ವಲ್ಪ ತಡೆದು, ಅದನ್ನೂ ಬರಿ, ಅಂದೆ.

ಹಿಂದಲೆಯಲ್ಲಿ ನೂರ ಐವತ್ತೆರಡು. ನೆತ್ತಿಯಲ್ಲಿ ಎಂಬತ್ತಮೂರು.
ಕರೆಂಟು ಬಿಲ್ಲಿನ ಬೆನ್ನ ಮೇಲೆ ಹೋದ ತಿಂಗಳದ್ದು ಎಂಬತ್ತೇಳು.
ಒಲೆಯ ಮೇಲೆ ಕೋಸಿನ ಸೂಪು ಕುದಿಯುತ್ತಿದೆ.

‘ಇದೇನು, ಎರ್ಮೀನಿಯಾ?’
ಏನು?
‘ಗಾಯದ ಗುರುತು. ಕಿಟಕಿಯಲ್ಲಿ ಹಿಡಿಸುತ್ತಿಲ್ಲ.’

ನಲವತ್ತೊಂದು ವರ್ಷ ಈ ತಲೆ ಅವನ ದಿಂಬಿನ ಪಕ್ಕದಲ್ಲೇ ಇತ್ತು.
ದಟ್ಟ ಕೂದಲು, ಬಾಯಿ ಬಿಡದ ಗೆಳತಿ.

ನನಗೆ ಹದಿನಾಲ್ಕು. ಉಣ್ಣೆ ಹಿಂಜುವ ಯಂತ್ರ. ಬಿಚ್ಚಿದ ಜಡೆ.
ಯಾರೋ ಬೆಲ್ಟು ಎಳೆದು ನಿಲ್ಲಿಸಿದರು.
ಮೇಸ್ತ್ರಿ ಬೈದದ್ದು ಹಾಳಾದ ಉಣ್ಣೆಗಾಗಿ.
ಬಿಳಿಯದರಲ್ಲಿ ಬೆರೆತ ನನ್ನ ಕಪ್ಪನ್ನು
ಇಬ್ಬರು ಹೆಂಗಸರು ಸಂಜೆತನಕ ಆರಿಸಿದರು,
ಎಲ್ಲ ಸಿಗಲಿಲ್ಲ.
ಯಾವುದೋ ಊರಿನ ಯಾರದೋ ಹೊದಿಕೆಯಲ್ಲಿ
ಇನ್ನೂ ಬೆಚ್ಚಗಿರಬಹುದು ನಾಲ್ಕು ಎಳೆ.
ಅಮ್ಮನಿಗೆ ಮೆಟ್ಟಿಲಿನಿಂದ ಬಿದ್ದೆ ಅಂದೆ.
ನಿನಗೆ ಹೇಳಲು, ನೀನು ಕೇಳಲೇ ಇಲ್ಲವಲ್ಲ.

ಅವನು ಗಾಜು ಎತ್ತಿಲ್ಲ. ಎಣಿಸುತ್ತಲೂ ಇಲ್ಲ.
ನೆತ್ತಿಗೆ ಉಸಿರು ತಾಗುತ್ತಿದೆ.
ಮಂಜಾಯಿತೆ?
‘ಹ್ಞೂಂ.’
ಒರೆಸಿಕೋ. ಸೂಪು ಉಕ್ಕುವ ಮೊದಲು
ಎಡಗಡೆಯದೊಂದು ಮುಗಿಸಿಬಿಡು.