ಮೂರು ರೂಪಾಯಿ ಬಾಕಿ

ಬ್ಲೇಡು ಹಚ್ಚೂಕಿಂತ ಮೊದಲ
ಅಂಗಡಿ ಬಾಗಲಾ ಅರ್ಧ ಮುಂದ ಮಾಡಿದೆ.
ದುರ್ಗದ ಬೈಲಿನ್ಯಾಗ ಗಿರಮಿಟ್ಟಿನ ಗಾಡಿಗಳು
ಆಗಷ್ಟ ದೀಪಾ ಹಚ್ಚಿದ್ದವು.
ಯಾರೂ ನೋಡಬಾರದು ಅಂತಲ್ಲ.
ಯಾರರ ನೋಡಿ ಬ್ಯಾಡ ಅಂದರ
ಬಿಟ್ಟಗಿಟ್ಟೇನು ಅಂತ.

ಐವತ್ತೇಳು ವರ್ಷ ಕಪಾಟಿನ ನೆತ್ತಿ ಮ್ಯಾಲ ಕುಂತ ಡಬ್ಬಿ.
ಮ್ಯಾಲೊಂದು ಕೆಂಪ ಕಾರಿನ ಚಿತ್ರ,
ಹಿಂದ ಎರಡು ರೆಕ್ಕಿ, ಮೀನಕ್ಕಿದ್ಧಂಗ.
ಒಳಗ ಕಾರಿಲ್ಲ. ಕಾರಾಗಬೇಕಾದ ತುಂಡು ಅದಾವು.

ರೊಝಾರಿಯೋ ಗಾರ್ಡ್ ಕೊಟ್ಟದ್ದು.
ಕೇಶ್ವಾಪುರದ ಕ್ವಾರ್ಟರ್ಸ್ ಖಾಲಿ ಮಾಡಿ
ಹಡಗ ಹತ್ತೂ ಹಿಂದಿನ ವಾರ
ರಿಪೇರಿಗೆ ಬಿಟ್ಟ ಗಡಿಯಾರ ಒಯ್ಯಾಕ ಬಂದವ
ಮೂರು ರೂಪಾಯಿ ಕಡಿಮಿ ಬಿತ್ತು ಅಂತ
ಇದನ್ನ ಇಟ್ಟು ಹೋದ.
‘ನಾಗೂಸಾ, ರೊಕ್ಕಾ ಕಳಸತೇನಿ, ಅಲ್ಲೀತನಕ ಇದು ಒತ್ತಿ’ ಅಂದನೋ,
‘ನಿನ್ನ ಹುಡುಗಗ ಕೊಡು’ ಅಂದನೋ,
ಅಪ್ಪ ಒಂದೊಂದ ಸಲ ಒಂದೊಂದು ಹೇಳತಿದ್ದ.
ಹುಡುಗ ಅಂದರ ನಾನು, ಎಂಟು ವರ್ಷದವ.
ಸ್ಟೂಲಿನ ಮ್ಯಾಲ ನಿಂತು ಡಬ್ಬಿ ಅಲಗಾಡಿಸಿ
ಗಲಗಲ ಕೇಳಿ
ಇಳದ ಬರತಿದ್ದೆ.

ಹೋದ ದಸರಾಕ್ಕ ಪುಣೆಯಿಂದ ಒಬ್ಬಾತ ಬಂದ.
ಕೈಗವಸು ಹಾಕ್ಕೊಂಡು ಡಬ್ಬಿ ತಿರುವಿ ತಿರುವಿ ನೋಡಿದ.
ಹಾಳಿ ಹರಿಯದಿದ್ದರ ಇಪ್ಪತ್ತೆರಡು ಸಾವಿರ,
ಹರದರ ಇನ್ನೂರು.
ಅವನ ಮನ್ಯಾಗ ಇಂಥಾವು ನಾಕನೂರು ಅದಾವಂತ,
ಒಂದನ್ನೂ ಬಿಚ್ಚಿಲ್ಲಂತ.
ಚಹಾ ಕುಡಿಸಿ ಕಳಿಸಿದೆ.
‘ಹೊಸಾ ಫ್ರಿಜ್ ಬರತಿತ್ತು’ ಅಂದಳು ಅಂಬೂಬಾಯಿ.
ಖರೇನ, ಬರತಿತ್ತು.

ಆದರ ಶ್ರಾವಣದಾಗ
ಒಂದು ಲೇಡೀಸ್ ವಾಚಿನ ಬ್ಯಾಲನ್ಸ್ ಚಕ್ರ
ಚಿಮಟಾದ ತುದಿಯಿಂದ ಜಾರಿ ನೆಲಕ್ಕ ಬಿದ್ದಿತ್ತು.
ಹುಡುಕಾಕ ಬಗ್ಗಿದಾಗ ನೋಡಿದೆ:
ಬಲಗೈ ಹೆಬ್ಬಟ್ಟು ತನ್ನಷ್ಟಕ್ಕ ತಾನ
ಟಿಕ್ ಟಿಕ್ ಅನ್ನಾಕತ್ತಿತ್ತು,
ಯಾರೂ ಕೀಲಿ ಕೊಡದ.
ಇದನ್ನ ಅಂಬೂಬಾಯಿಗೂ ಹೇಳಿಲ್ಲ.

ಹಾಳಿ ಹರದಾಗ ಒಂದು ವಾಸನಿ ಬಂತು,
ಹೊಸಾ ಚಪ್ಪಲಿದು, ಸಾಲಿ ಪುಸ್ತಕದ್ದು.
ಆ ವರ್ಷದ ಗಾಳಿ ಅದು.
ಒಂದ ಉಸಿರು ನಾನು ತಗೊಂಡೆ,
ಉಳದದ್ದು ಗಿರಮಿಟ್ಟಿನ ಘಾಟಿನ್ಯಾಗ ಹೋತು.

ಹೀರಿ ಬಳ್ಳಿಗೆ ಕಾಯಿ ಹತ್ತಿಧಂಗ
ಕಡ್ಡಿಗೆ ಹತ್ತಿದ್ದವು ಸ್ಟೇರಿಂಗು, ಬಂಪರು,
ಉಗುರಿನಷ್ಟು ಕನ್ನಡಿ.
ಅಂಟಿನ ಟ್ಯೂಬು ಕಲ್ಲಾಗಿತ್ತು.
ನಂಬರಿನ ಸ್ಟಿಕ್ಕರು ನೀರಿಗೆ ಬಿಟ್ಟರ ಹಪ್ಪಳದಂಗ ಮುರೀತು.
ಮತ್ತ ಒಂದು ಗಾಲಿ,
ಮುಂದಿನ ಗಾಜಿಗೆ ಆನಿಕೊಂಡು ಅಷ್ಟೂ ವರ್ಷ ಕುಂತದ್ದು,
ಗಾಜನ್ನ ತಿಂದಿತ್ತು,
ದುಂಡಗ, ಚಹಾದ ಕಪ್ಪಿನ ಗುರ್ತಿನ್ಹಂಗ.
ಮುಟ್ಟಬ್ಯಾಡ್ರಿ ಅಂತ ಕಾದದ್ದು
ಒಳಗಿಂದೊಳಗ ಮುಟ್ಟಿಸ್ಕೊಂಡ ಕುಂತಿತ್ತು.
ಪುಣೆಯವಗ ಫೋನ್ ಮಾಡಿ ಹೇಳಬೇಕು ಅನಿಸ್ತು.
ನಾಕನೂರು ಡಬ್ಬಿ.
ಹೇಳಲಿಲ್ಲ.

ಹನ್ನೊಂದು ರಾತ್ರಿ ಹಿಡೀತು.
ಬೋರ್ಡ್ ಬರಿಯೂ ಬುಡನ್‌ಸಾಬನ ಹಂತ್ಯಾಕ ಕೆಂಪು ತೀರಿತ್ತು,
ಟ್ರಂಕಿಗೆ ಬಳಿಯೂ ಹಸರಿತ್ತು. ಹಸರ ಬಳದೆ.
ಎಡಗಡೆ ಬಾಗಲಾ ಸೊಟ್ಟ ಕುಂತದ.
ಮಾಳಗಿ ಮ್ಯಾಲ ಅಂಟಿನ ಕೈ ತಾಗಿ
ಹೆಬ್ಬಟ್ಟಿನ ಗುರ್ತು ಮೂಡ್ಯದ,
ಸಹಿ ಬಾರದವರು ಸಾಲದ ಕಾಗದಕ್ಕ ಒತ್ತಿಧಂಗ,
ಒಂದಲ್ಲ, ನಡುಗಿ ಎರಡು.

ಎಲ್ಲಾ ಮುಗದ ಮ್ಯಾಲ ಒಂದು ತುಂಡು ಉಳೀತು,
ಬೆಳ್ಳಿ ಬಣ್ಣದ್ದು, ಮೂವತ್ತೆಂಟನೇ ನಂಬರಿಂದು.
ಎಲ್ಲಿ ಕೂಡೂದೋ ತಿಳೀಲಿಲ್ಲ.
ಗಡಿಯಾರದಾಗ ಆಗಿದ್ದರ ನಿದ್ದಿ ಬರತಿದ್ದಿಲ್ಲ.
ಅಪ್ಪನ ಖಾತೆ ಪುಸ್ತಕದಾಗ
‘ರೊಝಾರಿಯೋ, 3’ ಅಂತ ಇರೂ ಪುಟದಾಗ ಇಟ್ಟೆ.
ಗೆರಿ ಹೊಡೀಲಿಲ್ಲ.

ಮುಂಜಾನೆ ಕೌಂಟರಿನ ಗಾಜಿನ ಮ್ಯಾಲ
ಅಂಬೂಬಾಯಿ ಒಂದ ಬೆರಳಿನಿಂದ ನೂಕಿದಳು.
ಗೇಣು ದೂರ ನೆಟ್ಟಗ ಹೋತು,
ಆಮ್ಯಾಲ ಎಡಕ್ಕ ಎಳೀತು.
‘ನಡೀತದಲ್ಲ!’ ಅಂದಳು.
ಫ್ರಿಜ್ಜಿನ ಮಾತು ತಗೀಲಿಲ್ಲ,
ಇನ್ನೊಂದ ಸಲ ನೂಕಿದಳು.